ತಪ್ಪು ಗುಂಪಿಗೆ ಹೋದ ಬಾಯಿ

ಬಾಯಿ ಬಲ್ಲವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ನಾನು ಬರಗಾಲದಲ್ಲಷ್ಟೇ ಅಲ್ಲ, ಸುಗ್ಗಿಯಲ್ಲೂ ಬಾಯಿಯಿಂದಲೇ ಬದುಕಿದವನು. ಸೇಡಂ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದೆ. ಕಂಟ್ರೋಲರ್ ಅಂದ ಮಾತ್ರಕ್ಕೆ ಏನನ್ನೋ ಹತೋಟಿಯಲ್ಲಿ ಇಟ್ಟುಕೊಂಡಿದ್ದೆ ಎಂದು ತಿಳಿಯಬೇಡಿ. ಬಸ್ಸುಗಳು ಅವುಗಳ ಮನಸ್ಸಿಗೆ ಬಂದಾಗ ಬರುತ್ತಿದ್ದವು, ಡ್ರೈವರುಗಳು ಚಹಾ ಮುಗಿದಾಗ ಹೊರಡುತ್ತಿದ್ದರು. ಯಾವುದು ಎಲ್ಲಿಗೆ ಹೊರಟಿತು ಎಂದು ಜನರಿಗೆ ಕೂಗಿ ಹೇಳುವುದಷ್ಟೇ ನನ್ನ ಪಾಲಿನ ಅಧಿಕಾರ. ಮೈಕು ಇತ್ತು, ಆದರೆ ಅದು ತನ್ನ ಆಯುಷ್ಯದ ಬಹುಭಾಗವನ್ನು ರಿಪೇರಿ ಅಂಗಡಿಯಲ್ಲಿ ಕಳೆಯಿತು. ಹೀಗಾಗಿ ಕಿಟಕಿಯಿಂದ ಕತ್ತು ಹೊರಗೆ ಹಾಕಿ 'ಸುಲೇಪೇಟ, ಚಿಂಚೋಳೀ' ಎಂದು ಕೂಗಿದರೆ, ಚಿಂಚೋಳಿಗೆ ಹೋಗುವ ವಿಚಾರವೇ ಇಲ್ಲದವರೂ ಒಂದು ಸಲ ಎದ್ದು ನಿಲ್ಲುತ್ತಿದ್ದರು. ನನ್ನ ನಿವೃತ್ತಿಯ ದಿನ ಹಾರ ಹಾಕಿದವರಲ್ಲಿ ಒಬ್ಬರೂ ನನ್ನ ಕೆಲಸದ ಬಗ್ಗೆ ಮಾತಾಡಲಿಲ್ಲ, ಎಲ್ಲರೂ ನನ್ನ ಬಾಯಿಯ ಬಗ್ಗೆಯೇ ಮಾತಾಡಿದರು. ಅಂಥ ಬಾಯಿ ಹೋದ ವರ್ಷ ನನಗೆ ಕೈಕೊಟ್ಟಿತು.

ಕೆಳದವಡೆಯ ಕೊನೆಯಲ್ಲಿ ಒಂದು ಬುದ್ಧಿಹಲ್ಲು. ನಮ್ಮ ಕಡೆ ಅಕಲ್ ದಾಡಿ ಎನ್ನುತ್ತಾರೆ. ಅದು ನೆಟ್ಟಗೆ ಮೇಲೆ ಬರದೆ, ನಿಲ್ದಾಣದ ಬಾಗಿಲಲ್ಲಿ ಅಡ್ಡ ನಿಲ್ಲಿಸಿದ ಟಂಟಂ ಆಟೋದಂತೆ ಪಕ್ಕದ ಹಲ್ಲಿಗೆ ಮೂತಿ ಹಚ್ಚಿಕೊಂಡು ಎಲುಬಿನೊಳಗೇ ಮಲಗಿತ್ತಂತೆ. ಗಲ್ಲ ಊದಿ ಒಂದು ಕಣ್ಣು ಮುಚ್ಚುವ ಹೊತ್ತಿಗೆ ಕಲಬುರಗಿಗೆ ಹೋದೆವು. ಫೋಟೋ ತೆಗೆಸಿ ನೋಡಿದ ಮೇಲೆ ಸಂಗತಿ ಗೊತ್ತಾಯಿತು. ನನ್ನ ಹೆಂಡತಿ ಶಾಂತಾ ಆ ಕರಿ ಹಾಳೆಯನ್ನು ಬೆಳಕಿಗೆ ಹಿಡಿದು, "ಅಕಲ್ ಇಷ್ಟು ವರ್ಷ ಒಳಗೇ ಇತ್ತೇನ್ರಿ? ನಾನು ಇಲ್ಲೇ ಇಲ್ಲ ಅಂತ ತಿಳ್ಕೊಂಡಿದ್ದೆ" ಅಂದಳು. ದವಡೆಯ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು ಸುಲೇಪೇಟ ಕಡೆಯ ಹೆಣ್ಣುಮಗಳು. ಅವರೂ ನಕ್ಕರು. ನಗುತ್ತಲೇ ಒಸಡು ಕೊಯ್ದು, ಎಲುಬು ಜರಾ ಕೆರೆದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆದು ಹೊಲಿಗೆ ಹಾಕಿದರು. ನನ್ನ ಬುದ್ಧಿಯನ್ನು ಹೀಗೆ ಎರಡು ತುಂಡು ಮಾಡಿ ತಟ್ಟೆಯಲ್ಲಿಟ್ಟು ತೋರಿಸಿದ್ದು ಜೀವನದಲ್ಲಿ ಅದೇ ಮೊದಲು.

ಹಲ್ಲು ಕೀಳಿಸುವುದು ನಮ್ಮ ಚಿಕ್ಕಂದಿನಲ್ಲಿ ಇಷ್ಟು ಖಾಸಗಿ ಸಂಗತಿಯಾಗಿರಲಿಲ್ಲ. ನಾನು ಬೆಳೆದದ್ದು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಗಾಡಿಗಳಿಗೆ ಹಳಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್. ಒಮ್ಮೆ ಅಪ್ಪನ ದವಡೆಹಲ್ಲು ಕೀಳಿಸಬೇಕಾದಾಗ ಸ್ಟೇಷನ್ನಿನ ಹೊರಗೆ ಬೇವಿನ ಗಿಡದ ಕೆಳಗೆ ಇಕ್ಕಳ ಹಿಡಿದು ಕೂರುತ್ತಿದ್ದ ಹಲ್ಲು ಕೀಳುವವನೇ ಕಿತ್ತಿದ್ದ. ಅವನು ಕಿತ್ತು ಕೈತೊಳೆದುಕೊಂಡ, ಅಷ್ಟೇ. ಅಲ್ಲಿಂದ ಮುಂದಿನ ಆರೈಕೆ ಇಡೀ ಕ್ವಾರ್ಟರ್ಸಿನದು. ಅಪ್ಪ ಅಂಗಳದಲ್ಲಿ ಹೊರಸಿನ ಮೇಲೆ ಕೂತು ಬಾಯಿ ತೆರೆದುಕೊಂಡಿರುತ್ತಿದ್ದ. ಡ್ಯೂಟಿಗೆ ಹೋಗುವವರು ಬಗ್ಗಿ ನೋಡಿ ಹೋಗುತ್ತಿದ್ದರು, ಡ್ಯೂಟಿ ಮುಗಿಸಿ ಬಂದವರು ಮತ್ತೆ ಬಗ್ಗಿ ನೋಡುತ್ತಿದ್ದರು. ಪಕ್ಕದ ಮನೆಯ ತೆಲುಗಿನ ಅಮ್ಮ ಲವಂಗ ತಂದರೆ, ಎದುರು ಮನೆಯ ಗಾರ್ಡ್ ಸಾಹೇಬರ ಬೀಬಿ ಉಪ್ಪು ಹಾಕಿ ಕಾಯಿಸಿದ ನೀರು ಕಳಿಸುತ್ತಿದ್ದರು. "ನಿನ್ನೆಗಿಂತ ಬಾವು ಇಳದದ", "ಇಲ್ಲ, ಕೆಂಪು ಹಾಗೇ ಅದ" ಎಂದು ಅಂಗಳದಲ್ಲೇ ವಾದ ನಡೆಯುತ್ತಿತ್ತು. ಬಾಯಿಯ ಯಜಮಾನನನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಅಪ್ಪ ಆಗ ಬೇಸರಪಟ್ಟುಕೊಂಡದ್ದು ನೆನಪಿದೆ. ಈಗ ನನಗೆ ಆ ಅಂಗಳ ಬೇಕೆನ್ನಿಸುತ್ತದೆ. ಹೊಲಿಗೆ ಹಾಕಿಸಿಕೊಂಡು ಸೇಡಂಗೆ ಬಂದರೆ ನನ್ನ ಬಾಯಿಯೊಳಗೆ ಬಗ್ಗಿ ನೋಡುವವರು ಯಾರಿದ್ದಾರೆ? ಎದುರು ಮನೆಯವರು ಗೇಟಿಗೆ ಬೀಗ ಹಾಕಿಕೊಂಡು ಟಿವಿ ನೋಡುತ್ತಿರುತ್ತಾರೆ.

ಬಗ್ಗಿ ನೋಡುವ ಆ ಕೆಲಸವನ್ನು ಈಗ ಫೋನಿಗೆ ಒಪ್ಪಿಸಿದ್ದಾರೆ. ಬಿಡುಗಡೆಯಾಗುವಾಗ ಡಾಕ್ಟರು, "ಕಾಕಾ, ಹೊಲಿಗಿ ಮ್ಯಾಲ ಬಸ್ಸಿನ್ಯಾಗ ಕುಲುಕಾಡ್ಕೋತ ಪದೇ ಪದೇ ಬರೂದು ಬ್ಯಾಡ್ರಿ. ಮನ್ಯಾಗೇ ಕುಂತು ಬಾಯಿ ಫೋಟೋ ಕಳಸ್ರಿ, ನಾ ನೋಡ್ತೀನಿ" ಅಂದರು. ನರ್ಸು ನನ್ನ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಳು. ಅದು ಬೆಳಿಗ್ಗೆ ಟಿಣ್ ಎಂದು ಎದ್ದು, 'ನಿಮ್ಮ ನೋವಿನ ಪ್ರಮಾಣವನ್ನು ಸೂಕ್ತ ಮುಖವನ್ನು ಆರಿಸುವ ಮೂಲಕ ಸೂಚಿಸಿ' ಎಂದು ಅಪ್ಪಟ ಪುಸ್ತಕದ ಕನ್ನಡದಲ್ಲಿ ಕೇಳುತ್ತಿತ್ತು. ಕೆಳಗೆ ಸಾಲಾಗಿ ದುಂಡು ಮುಖಗಳು. ಒಂದು ತುದಿಯಲ್ಲಿ ನಗುವ ಮುಖ, ಇನ್ನೊಂದು ತುದಿಯಲ್ಲಿ ಕಣ್ಣೀರು ಸುರಿಸುವ ಮುಖ. ನಾನು ಸುಮ್ಮನೆ ಕೊನೆಯದನ್ನು ಒತ್ತಿದೆ. ನೋವು ಅಷ್ಟು ಇರಲಿಲ್ಲ, ಆದರೆ ಯಾರಾದರೂ ಕೇಳಿದಾಗ ಕಡಿಮೆ ಹೇಳುವುದು ನಮ್ಮ ಮನೆತನದಲ್ಲಿಲ್ಲ. ಕೂಡಲೇ ಆಸ್ಪತ್ರೆಯಿಂದ ನರ್ಸು ಫೋನು ಮಾಡಿ, ಜ್ವರ ಇದೆಯೇ, ರಕ್ತ ಬರುತ್ತಿದೆಯೇ, ನುಂಗಲು ಆಗುತ್ತಿದೆಯೇ ಎಂದು ಗಾಬರಿಯಿಂದ ಕೇಳತೊಡಗಿದಳು. ಶಾಂತಾ ಫೋನು ಇಸಿದುಕೊಂಡು, "ಏನಿಲ್ರವ್ವಾ, ಈಗಷ್ಟೇ ಎರಡು ಬಟ್ಟಲ ಜೋಳದ ಗಂಜಿ ಕುಡದಾರ" ಎಂದು ಸತ್ಯವನ್ನು ಹೇಳಿಬಿಟ್ಟಳು. ಅಂದಿನಿಂದ ಮುಖ ಒತ್ತುವ ಅಧಿಕಾರ ಅವಳ ಕೈಗೆ ಹೋಯಿತು. ನನ್ನ ನೋವು ಎಷ್ಟು ಎಂಬುದನ್ನು ಅಡಿಗೆಮನೆಯಿಂದಲೇ ಒಮ್ಮೆ ತಿರುಗಿ ನೋಡಿ ತೀರ್ಮಾನಿಸುತ್ತಿದ್ದಳು.

ಫೋಟೋ ತೆಗೆಯುವುದು ಅದಕ್ಕಿಂತ ದೊಡ್ಡ ಪ್ರಕರಣ. ನಾನು ಕಿಟಕಿಯ ಬಳಿ ಕುರ್ಚಿಯಲ್ಲಿ ಕತ್ತು ಹಿಂದೆ ಹಾಕಿ ಕೂರಬೇಕು, ಚಮಚದ ಹಿಡಿಕೆಯಿಂದ ಗಲ್ಲ ಪಕ್ಕಕ್ಕೆ ಸರಿಸಬೇಕು, ಅವಳು ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ಫೋನು ಹಿಡಿಯಬೇಕು. ಮೊದಮೊದಲು ನನ್ನ ಬಾಯಿ ಒಂದು ಬೆರಳು ತೂರುವಷ್ಟೂ ತೆರೆಯುತ್ತಿರಲಿಲ್ಲ. "ತಗೀರಿ, ಇನ್ನೂ ತಗೀರಿ. ಮುಚ್ಚ್ರಿ ಅಂದಾಗ ಒಮ್ಮೆಯೂ ಮುಚ್ಚಲಿಲ್ಲ, ಈಗ ತಗೀರಿ ಅಂದ್ರ ತಗೀವಲ್ರಿ" ಎಂದು ಬೈಯುತ್ತಿದ್ದಳು. ಬಾಯಿಯೊಳಗೆ ಚಮಚವಿದ್ದವನು ಏನು ಉತ್ತರ ಕೊಡಬಲ್ಲ? ಆದರೆ ದಿನ ಕಳೆದಂತೆ ಬಾವು ಇಳಿದು, ಒಂದು ಬೆಳಿಗ್ಗೆ ದವಡೆ ಸಲೀಸಾಗಿ ಹಳೆಯ ಅಳತೆಗೆ ತೆರೆದುಕೊಂಡಿತು. ಹಿಗ್ಗಿನಲ್ಲಿ ಆ ಫೋಟೋವನ್ನು ನಾನೇ ಕಳಿಸುತ್ತೇನೆ ಎಂದು ಫೋನು ಇಸಿದುಕೊಂಡೆ. ಅದು ಹೋಗಬೇಕಾಗಿದ್ದದ್ದು ಆ್ಯಪಿಗೆ. ನನ್ನ ಬೆರಳು ಹೋದದ್ದು 'ವಾಡಿ ಹಳೇ ಗೆಳೆಯರು' ಎಂಬ ನಮ್ಮ ವಾಟ್ಸಾಪ್ ಗುಂಪಿಗೆ.

ವಾಡಿಯ ಹೈಸ್ಕೂಲಿನಲ್ಲಿ ಜೊತೆಗೆ ಓದಿದವರ ಗುಂಪು ಅದು. ದಿನಾ ಬೆಳಿಗ್ಗೆ ಗುಲಾಬಿ ಹೂವು, ಸೂರ್ಯೋದಯ, ಶುಭೋದಯ. ಅದರಾಚೆ ಯಾರೂ ಏನೂ ಮಾತಾಡುತ್ತಿರಲಿಲ್ಲ. ಆ ದಿನ ಗುಲಾಬಿಗಳ ನಡುವೆ ನನ್ನ ಬಾಯಿ ಬಿದ್ದಿತು. ಗುಂಪಿಗೆ ಜೀವ ಬಂತು. ಚಿತ್ತಾಪುರದವನೊಬ್ಬ, 'ಇದು ಯಾವ ಕಲ್ಲಿನ ಗಣಿ?' ಎಂದು ಕೇಳಿದ. ಆದಿತ್ಯನಗರದಲ್ಲಿ ಸಿಮೆಂಟು ಕಾರ್ಖಾನೆಯಿಂದ ನಿವೃತ್ತನಾದವನು, 'ನಮ್ಮ ಭಟ್ಟಿ ಇಷ್ಟು ಕೆಂಪು ಇರಲಿಲ್ಲ' ಎಂದು ಬರೆದ. ನಾನು ಅಳಿಸುವ ದಾರಿ ಹುಡುಕುತ್ತಿರುವಾಗಲೇ ಭಂಕೂರದ ಮೌಲಾಲಿಯ ಮಾತು ಬಂತು. ಆ ಗುಂಪಿನಲ್ಲಿ ಅವನು ಅದುವರೆಗೆ ಒಂದು ಹೂವನ್ನೂ ಹಾಕಿದವನಲ್ಲ. ಶಾಲೆಯಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರಿನಿಂದಲೇ ಕರೆದು ಬರೆದದ್ದು ಇಷ್ಟೇ: 'ಇಷ್ಟು ಅಗಲ ಬಾಯಿ ಹೆಂಗ ತೆಗೀತಿ ಗುರ್ಯಾ?'

ಉಳಿದವರ ಮಾತಿಗೆ ನಗು ಬಂದಿತ್ತು, ಇವನ ಮಾತು ಮಾತ್ರ ಚುಚ್ಚಿತು. ಮೌಲಾಲಿ ಅಂದರೆ ಗೊತ್ತಿಲ್ಲದವನಲ್ಲ. ಶಾಲೆಯ ದಿನಗಳಲ್ಲಿ ಒಂದೇ ಬೆಂಚು. ವಾಡಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ. ಪ್ಲಾಟ್‌ಫಾರ್ಮಿನ ಕೊನೆಗೆ ಮಂಡಕ್ಕಿಯ ಸುಸಲಾ, ಮಿರ್ಚಿ ಮಾರುವವನ ಗಾಡಿಯ ಬಳಿ ನಿಂತು, ಕಾದ ಮಿರ್ಚಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು, ಅದು ಸುಡುತ್ತಿರುವಾಗಲೇ ಮಾಸ್ತರರ ಪಾಠವನ್ನು ಅವರದೇ ದನಿಯಲ್ಲಿ ಒಪ್ಪಿಸುತ್ತಿದ್ದ. ಅವನು ಮಾತಿಗೆ ನಿಂತರೆ ನಾವು ಹೈದರಾಬಾದಿನ ಗಾಡಿ ಬಂದು ಹೋದದ್ದನ್ನೂ ಗಮನಿಸುತ್ತಿರಲಿಲ್ಲ. ಖರೆ ಹೇಳಬೇಕೆಂದರೆ ಮಾತಿನಲ್ಲಿ ನಾನು ಅವನ ಶಿಷ್ಯ. ಆಮೇಲೆ ಅವನು ಭಂಕೂರದಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಹಾಕುವ ಮಿಷನ್ನು ಇಟ್ಟ, ಕೆಲಸ ಬೆಳೆಯಿತು. ಈಚಿನ ವರ್ಷಗಳಲ್ಲಿ ಎಲ್ಲಿ ಸಿಕ್ಕರೂ ತಲೆ ಆಡಿಸಿ ಸುಮ್ಮನಾಗುತ್ತಿದ್ದ. ಚಿತ್ತಾಪುರದಲ್ಲಿ ಗೆಳೆಯನ ಮಗಳ ಮದುವೆಯಲ್ಲಿ ನಮ್ಮ ಜೊತೆ ಪಂಕ್ತಿಯಲ್ಲಿ ಕೂತವನು ಎರಡು ಲೋಟ ಮಜ್ಜಿಗೆ ಕುಡಿದು ಎದ್ದುಹೋಗಿದ್ದ. "ನಾಲ್ಕು ಮಿಷನ್ ಆದ್ಮ್ಯಾಲ ನಮ್ಮ ಜೋಡಿ ಉಣ್ಣೂದು ಸೇರೂದಿಲ್ಲ ಸಾಹೇಬರಿಗಿ" ಎಂದು ನಾವು ಅಂದುಕೊಂಡೆವು. ಅಂಥವನು ಈಗ ಬಾಯಿ ತೆರೆದದ್ದು ನನ್ನ ಬಾಯಿ ದೊಡ್ಡದೆಂದು ಹಂಗಿಸುವುದಕ್ಕೆ.

ಒಂದು ಖಾರವಾದ ಉತ್ತರ ಬರೆದು ಶಾಂತಾಳಿಗೆ ಓದಿ ಹೇಳಿದೆ. ಅವಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ, ಮೌಲಾಲಿ ಬರೆದದ್ದನ್ನೇ ಇನ್ನೊಮ್ಮೆ ಓದಿಸಿದಳು. ಆಮೇಲೆ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು, "ರೀ, ಅವ್ರು ಚ್ಯಾಷ್ಟಿ ಮಾಡಾಕತ್ತಿಲ್ಲ. ಕೇಳಾಕತ್ತಾರ" ಅಂದಳು. ಏನು ಕೇಳುತ್ತಿದ್ದಾನೆ ಎಂದೆ. "ಅವತ್ತು ಮದುವ್ಯಾಗ ಹೋಳಿಗಿ ಸಣ್ಣಾಗಿ ಹರದು ಹರದು ಒಂದು ಚೂರು ಹಲ್ಲಿನ ಸಂದ್ಯಾಗ ತುರುಕಾಕ ನೋಡಿ ಬಿಟ್ರು. ನಾ ಎದುರಿನ ಸಾಲಿನ್ಯಾಗೇ ಇದ್ದೆ. ಬಾಯಾಗ ಏನೋ ತಕಲೀಫ್ ಅದ ಅವ್ರಿಗಿ."

ಖಾರದ ಉತ್ತರ ಅಳಿಸಿ ಫೋನು ಮಾಡಿದೆ. ಮೊದಲು ಅವನು ಏನೇನೋ ಮಾತಾಡಿದ, ಕಲ್ಲಿನ ಧಂದೆ, ಕರೆಂಟು, ಬಿಸಿಲು. ದನಿ ಚೀಲದೊಳಗಿಂದ ಬಂದ ಹಾಗಿತ್ತು. ಕೊನೆಗೆ ನಾನೇ, "ಮೌಲಾ, ನಿನ್ನ ಬಾಯಿ ಎಷ್ಟು ತೆರೀತದ?" ಎಂದು ಕೇಳಿದೆ. "ಒಂದು ಬಟ್ಟು ಹೋಗ್ತದ ಗುರ್ಯಾ. ಅದೂ ಅಡ್ಡ ಹಿಡದ್ರ. ಕಲ್ಲಿನ ಧೂಳಿನ್ಯಾಗ ಬಾಯಿ ಒಣಗ್ತದಂತ ಗುಟಕಾ ಹಿಡದಿದ್ದೆ. ಹಿಡದದ್ದು ನಾನು ಅಂತ ತಿಳದಿದ್ದೆ, ಅದೇ ನನ್ನ ಹಿಡೀತು. ಖಾರ ಹಚ್ಚಂಗಿಲ್ಲ, ರೊಟ್ಟಿ ಮುರದು ಹಾಲಿನ್ಯಾಗ ನೆನಸಿ ತುರುಕೋತೀನಿ. ನಾಲ್ಕು ಮಂದಿ ನಡುವ ಹೆಂಗ ಉಣ್ಣಲಿ?" ಅಂದ. ದವಾಖಾನೆಗೆ ಯಾಕೆ ಹೋಗಲಿಲ್ಲ ಎಂದರೆ, "ಹೋದ್ರ ಹೆಸರು ಹೇಳ್ತಾರ. ನಮ್ಮ ಮಾವಗೂ ಹೇಳಿದ್ರು" ಅಂದ. ಯಾವ ಹೆಸರು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ವಾಡಿಯಲ್ಲಿ ಅವನನ್ನು ಸಾಕಿದ ಆ ಸೋದರಮಾವ ಬಾಯಿಯ ಹುಣ್ಣಿನಿಂದಲೇ ಹೋದದ್ದು ನನಗೆ ನೆನಪಿತ್ತು.

ನನ್ನ ಹೊಲಿಗೆ ತೋರಿಸುವ ದಿನ ಅವನನ್ನೂ ಕರೆದೊಯ್ದೆ. 'ನಂಗ ಒಬ್ಬನೇ ಹೋಗಾಕ ಆಗಲ್ಲ, ನೀ ಜೋಡಿ ಬಾ' ಎಂದು ಸುಳ್ಳು ಹೇಳಿ ಶಹಾಬಾದಿನಿಂದ ಬಸ್ಸು ಹತ್ತಿಸಿದೆ. ಡಾಕ್ಟರು ನನ್ನ ಬಾಯಿ ನೋಡಿ, ಅದು ಸರಿಯಿದೆ ಎಂದು ಒಂದೇ ಮಾತಿನಲ್ಲಿ ನನ್ನನ್ನು ಮುಗಿಸಿ, ಅವನ ಕಡೆ ಕುರ್ಚಿ ತಿರುಗಿಸಿದರು. ಗಲ್ಲದ ಒಳಚರ್ಮ ಬಿಗಿದು ಹಗ್ಗದಂತೆ ಪಟ್ಟಿ ಕಟ್ಟಿತ್ತು, ಒಂದು ಕಡೆ ಬಿಳಿ ಕಲೆ. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆ ವರದಿ ಬರುವವರೆಗಿನ ದಿನಗಳನ್ನು ನಾನು ಇಲ್ಲಿ ತಮಾಷೆಯಾಗಿ ಬರೆಯಲಾರೆ. ಅವನು ಮಿಷನ್ನು ನಿಲ್ಲಿಸಿ ಮನೆಯಲ್ಲೇ ಕೂತ. ನಾನು ಸೇಡಂನಲ್ಲಿ ಫೋನು ಹಿಡಿದು ಕೂತೆ. ಶಾಂತಾ ಸಿದ್ಧಲಿಂಗನಿಗೆ ಒಂದು, ದರ್ಗಾಕ್ಕೆ ಒಂದು ಹರಕೆ ಹೊತ್ತಳು. ವರದಿಯೂ ಫೋನಿನಲ್ಲೇ ಬಂತು, ನಮಗಿಬ್ಬರಿಗೂ ತಿಳಿಯದ ಭಾಷೆಯಲ್ಲಿ. ಅದರ ಹಿಂದೆಯೇ ಡಾಕ್ಟರು ತಮ್ಮ ದನಿಯಲ್ಲಿ ಮಾತಾಡಿ ಕಳಿಸಿದ್ದರು: "ಕಾಕಾ, ಅದು ಅಲ್ಲ. ಆದ್ರ ಅದೇ ದಾರಿ ಹಿಡದಿತ್ತು, ನಡುವೇ ಸಿಕ್ಕದ. ಗುಟಕಾ ಇವತ್ತಿಗೇ ಬಿಡ್ರಿ. ಅಪರೇಶನ್ ಮಾಡಿ ಆ ಪಟ್ಟಿ ಬಿಡಸ್ತೀನಿ." ಮೌಲಾಲಿ ಅದನ್ನು ಎಷ್ಟು ಸಲ ಕೇಳಿದನೋ ಅವನ ಹೆಂಡತಿ ಹಸೀನಾಬಿಗೇ ಗೊತ್ತು. ಮೊಮ್ಮಕ್ಕಳೂ ಆಟದಲ್ಲಿ 'ಕಾಕಾ, ಅದು ಅಲ್ಲ' ಎನ್ನತೊಡಗಿದ್ದರಂತೆ.

ಅಪರೇಶನ್ ಆಯಿತು. ಕಷ್ಟ ಶುರುವಾದದ್ದು ಅದರ ನಂತರ. ಬಿಡಿಸಿದ ಗಲ್ಲ ಮತ್ತೆ ಬಿಗಿಯಬಾರದೆಂದು ದಿನಾ ವ್ಯಾಯಾಮ. ಐಸ್‌ಕ್ರೀಮಿನ ಕಡ್ಡಿಗಳಿವೆಯಲ್ಲ, ಅಂಥ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಹಲ್ಲು ಕೆಳಗಿನ ಹಲ್ಲಿನ ನಡುವೆ ಇಟ್ಟುಕೊಳ್ಳಬೇಕು, ಬಾಯಿ ಸಡಿಲಾದಂತೆ ಇನ್ನೊಂದು ಕಡ್ಡಿ ತೂರಿಸಬೇಕು, ಆ ಫೋಟೋವನ್ನು ಆ್ಯಪಿಗೆ ಹಾಕಬೇಕು. ಜೀವ ಹೋಗುವಷ್ಟು ನೋವಂತೆ. ಆದರೆ ಮೌಲಾಲಿ ದಿನಾ ನಗುವ ಮುಖವನ್ನೇ ಒತ್ತುತ್ತಿದ್ದ. ಡಾಕ್ಟರು ಅಷ್ಟು ಕಷ್ಟಪಟ್ಟಿದ್ದಾರೆ, ಅವರ ಮನಸ್ಸಿಗೆ ಯಾಕೆ ಬೇಜಾರು ಎಂದು. ಒಂದು ದಿನ ಅವರೇ ವಿಡಿಯೋದಲ್ಲಿ ಬಂದರು. "ಕಾಕಾ, ನಗೂ ಮುಖ ಒತ್ತೀರಿ, ಫೋಟೋದಾಗ ಕಡ್ಡಿ ಕಮ್ಮಿ ಆಗ್ಯಾವು. ನೋವಿಗಿ ಅಂಜಿ ವ್ಯಾಯಾಮ ಬಿಟ್ಟೀರಿ ಹೌದಿಲ್ಲ? ಖರೆ ಮುಖ ಒತ್ರಿ, ನಾ ಗುಳಿಗಿ ಬದಲಿ ಮಾಡ್ತೀನಿ. ನೀವು ನನ್ನ ಮುಂದ ನಕ್ರ ನಂಗೇನು ಬಂತು?" ಅಂದರು. ಗಟ್ಟಿ ಗಂಡಸು, ಕಲ್ಲಿನ ಚಪ್ಪಡಿ ಹೆಗಲ ಮೇಲೆ ಹೊತ್ತವನು, ಅವತ್ತು ಮೊದಲ ಸಲ ಅಳುವ ಮುಖ ಒತ್ತಿದನಂತೆ. ಒತ್ತಿದ ಮೇಲೆ ತಾನೂ ಅತ್ತನೆಂದು ಹಸೀನಾಬಿ ಶಾಂತಾಳಿಗೆ ಹೇಳಿದರು.

ಆಮೇಲಿಂದ ನನಗೊಂದು ಕೆಲಸ ಬಂತು. ಬೆಳಗಿನ ಚಹಾ ಆದ ಮೇಲೆ ಇಬ್ಬರೂ ವಿಡಿಯೋದಲ್ಲಿ ಎದುರೆದುರು ಕೂರುವುದು, ಅವನು ಕಡ್ಡಿ ತೂರಿಸುವುದು, ನಾನು ಧೈರ್ಯ ಹೇಳುವುದು. ನನಗೆ ಧೈರ್ಯ ಹೇಳಲು ಬರುವುದು ಒಂದೇ ರೀತಿ, ಹೆಚ್ಚಿದ ಕಡ್ಡಿಗೊಂದು ನಿಲ್ದಾಣದ ಹೆಸರು ಕೂಗುವುದು. "ಶಹಾಬಾದ ಬಂತು, ಇಳಿಯೋರು ಇಳೀರಿ" ಎನ್ನುತ್ತಿದ್ದೆ. ಇನ್ನೊಂದು ಕಡ್ಡಿ ಹೋದರೆ ವಾಡಿ. ವಾಡಿಯಲ್ಲಿ ಬಹಳ ದಿನ ನಿಂತೆವು. ಗಾಡಿಗಳು ಮೊದಲಿಂದಲೂ ಅಲ್ಲಿ ಸುಮ್ಮಸುಮ್ಮನೆ ನಿಲ್ಲುವುದೇ ರೂಢಿ ಎಂದು ಸಮಾಧಾನ ಹೇಳಿದೆ. ನಿಂತಲ್ಲೇ ನಾನು ಹಳೆಯ ಮಾತು ತೆಗೆಯುತ್ತಿದ್ದೆ: ಸಿಗ್ನಲ್ ಕಂಬದ ಕೆಳಗೆ ಗೋಲಿ ಆಡಿದ್ದು, ಬೇಸಿಗೆಯಲ್ಲಿ ಇಂಜಿನ್ನಿಗೆ ನೀರು ತುಂಬುವ ಕೊಳವೆಯ ಕೆಳಗೆ ನಿಂತು ಅಂಗಿ ಸಮೇತ ನೆನೆದದ್ದು, ಅವನ ಮಾವ ರವಿವಾರ ಕಟ್ಟಿಕೊಡುತ್ತಿದ್ದ ಖೀಮಾ. ಬಾಯಿಯಲ್ಲಿ ಕಡ್ಡಿಯಿದ್ದವನು ಕಣ್ಣಲ್ಲೇ ನಗುತ್ತಿದ್ದ, ಒಮ್ಮೊಮ್ಮೆ ಏನೋ ಹೇಳಲು ಹವಣಿಸಿ ಕೈ ಆಡಿಸುತ್ತಿದ್ದ. ನಾನು ಅದನ್ನು ಮೆಚ್ಚುಗೆ ಎಂದು ತಿಳಿದು ಮುಂದುವರಿಸುತ್ತಿದ್ದೆ. ಹೀಗೆ ಚಿತ್ತಾಪುರ ದಾಟಿ, ಮಳಖೇಡ ದಾಟಿ, ಬೇಸಿಗೆ ಮುಗಿಯುವ ಹೊತ್ತಿಗೆ ಸೇಡಂ ಮುಟ್ಟಿದೆವು. ಮೂರು ಬೆರಳು ನಿಲ್ಲಿಸಿ ಬಾಯಿಯೊಳಗೆ ಇಟ್ಟು ಮೌಲಾಲಿ ಫೋಟೋ ಕಳಿಸಿದ. ಈ ಸಲ ಬೇಕೆಂದೇ, ಗುಂಪಿಗೆ. ಅವತ್ತು ಯಾರೂ ಗುಲಾಬಿ ಹಾಕಲಿಲ್ಲ. ಚಿತ್ತಾಪುರದವನು ಸಂಜೆ ನನಗೆ ಬೇರೆಯಾಗಿ ಫೋನು ಮಾಡಿ, ದನಿ ತಗ್ಗಿಸಿ, "ಆ ಡಾಕ್ಟರ್ ಮೇಡಂ ನಂಬರ್ ಜರಾ ಕೊಡು. ನನ್ನ ಸಲುವಾಗಿ ಅಲ್ಲ, ನಮ್ಮ ತಮ್ಮಗ" ಅಂದ. ಅವನಿಗೆ ತಮ್ಮಂದಿರಿಲ್ಲ. ಕೊಟ್ಟೆ.

ಕಳೆದ ತಿಂಗಳು ಮೌಲಾಲಿ, ಹಸೀನಾಬಿ ನಮ್ಮ ಮನೆಗೆ ಊಟಕ್ಕೆ ಬಂದರು. ಶಾಂತಾ ಕಡಕ್ ರೊಟ್ಟಿ ಬೇಡವೆಂದು ಬಿಸಿ ರೊಟ್ಟಿ ಬಡಿದಳು, ಖಾರ ಕಡಿಮೆ ಮಾಡಿದಳು. ಅವನು ತುತ್ತು ಮುರಿದು ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು, ಕಣ್ಣು ಮುಚ್ಚಿದ. ನಾವು ಮೂವರೂ ನಮ್ಮ ತಾಟಿನ ಕಡೆ ನೋಡುತ್ತ ಕೂತೆವು. ಉಂಡು ಕೈತೊಳೆದು ಬಂದವನು ದಿಂಬಿಗೆ ಒರಗಿ, ನಮ್ಮ ಪಡಸಾಲೆಯ ಗೂಡಿನಲ್ಲಿಟ್ಟ ಒಂದು ಸಣ್ಣ ಹಿತ್ತಾಳೆಯ ಬಟ್ಟಲನ್ನು ನೋಡಿ ಅದೇನೆಂದು ಕೇಳಿದ. ಶಾಂತಾ ಅಭಿಮಾನದಿಂದಲೇ, "ಇವ್ರು ಸಾಲಿ ಓಟದಾಗ ಫಸ್ಟ್ ಬಂದಿದ್ದು ಅಣ್ಣಾ. ಲಗ್ನ ಆದಾಗಿಂದ ತಿಕ್ಕಿ ತಿಕ್ಕಿ ಇಡಾಕತ್ತೀನಿ" ಅಂದಳು.

"ಫಸ್ಟ್ ಬಂದಿದ್ದು ಖರೆ ವೈನಿ," ಎಂದು ಮೌಲಾಲಿ ಎದ್ದು ಕೂತ. "ಆದ್ರ ಇವನ ಹೆಸರು ಓಟದಾಗ ಇರಲೇ ಇಲ್ಲ. ಗಾರ್ಡ್ ಸಾಹೇಬರ ನಾಯಿ ಬೆನ್ನು ಹತ್ತಿತ್ತು. ಅಂಜಿ ಮೈದಾನದಾಗ ಹೊಕ್ಕ, ಓಡೋ ಹುಡುಗರನ್ನೆಲ್ಲಾ ದಾಟಿ ಹಗ್ಗ ಹರಕೊಂಡು ಹೋದ. ಮಾಸ್ತರು ದೂರ ಇದ್ರು, ನಾಯಿ ಕಾಣಲಿಲ್ಲ, ಬಟ್ಟಲ ಕೊಟ್ರು. ನ್ಯಾಯವಾಗಿ ಅದು ನಾಯೀದು."

ಹಸೀನಾಬಿ ಸೆರಗು ಬಾಯಿಗೆ ಒತ್ತಿಕೊಂಡರು. ಶಾಂತಾ ಬಟ್ಟಲನ್ನೂ ನನ್ನನ್ನೂ ಒಂದೇ ನೋಟದಲ್ಲಿ ನೋಡಿದಳು. ಅವನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಅವನ ಬಾಯಿ ಕಟ್ಟಿಹೋಗಿದ್ದ ವರ್ಷಗಳಲ್ಲಿ ನಮ್ಮ ಬಾಲ್ಯದ ಇತಿಹಾಸವನ್ನು ನಾನೊಬ್ಬನೇ ಹೇಳಿಕೊಂಡು ಬಂದಿದ್ದೆ, ಅದರಲ್ಲಿ ನಾನು ಸ್ವಲ್ಪ ಎತ್ತರ ಬೆಳೆದಿದ್ದೆ. ಈಗ ಒಂದೊಂದೇ ಕಥೆಯನ್ನು ಅವನು ಬಿಚ್ಚುತ್ತ ಹೋದ, ಹಳೆಯ ಮಾಸ್ತರರ ದನಿ ಸಮೇತ. ದನಿ ಚೀಲದಿಂದ ಹೊರಬಿದ್ದಿತ್ತು. ನನ್ನ ಮರ್ಯಾದೆ ಹೋಗುತ್ತಿದ್ದರೂ ಎಷ್ಟು ಚೆಂದ ಹೇಳುತ್ತಿದ್ದಾನೆ ಎಂದು ನಾನೂ ಕೇಳುತ್ತ ಕೂತೆ. ಆದರೆ ಮನುಷ್ಯನಿಗೆ ಒಂದು ಮಿತಿ ಇರುತ್ತದೆ. ಹಿಂದಿ ಪರೀಕ್ಷೆಯ ಪ್ರಸಂಗ ಶುರುವಾದಾಗ ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ, 'ಮೌಲಾಲಿ ಅವರು ಮಧ್ಯಾಹ್ನದಿಂದ ಬಿಡುವಿಲ್ಲದೆ ಮಾತಾಡುತ್ತಿದ್ದಾರೆ, ದವಡೆಗೆ ವಿಶ್ರಾಂತಿ ಬೇಕಲ್ಲವೇ?' ಎಂದು ಡಾಕ್ಟರಿಗೆ ಬರೆದೆ. ಉತ್ತರ ತಡವಾಗಲಿಲ್ಲ.

'ಭಾಳ ಚಲೋ ಸುದ್ದಿ ಕಾಕಾ. ತಡೀಬ್ಯಾಡ್ರಿ, ಎಷ್ಟು ಬೇಕಾದ್ರೂ ಮಾತಾಡ್ಲಿ. ಇನ್ಮ್ಯಾಲ ಅದೇ ವ್ಯಾಯಾಮ. ದಿನಾ ನಿಮ್ಮ ಮನಿಗಿ ಕರಸ್ಕೋರಿ.'

ಪಡಸಾಲೆಯಲ್ಲಿ ಶಾಂತಾ, "ಆಮ್ಯಾಲ ಏನಾಯ್ತು ಅಣ್ಣಾ?" ಎಂದು ಕೇಳುತ್ತಿದ್ದಳು. ನಾನು ಫೋನು ಜೇಬಿಗೆ ಹಾಕಿಕೊಂಡು, ಎಲ್ಲರಿಗೂ ಚಹಾ ಇಡಲು ಒಲೆ ಹೊತ್ತಿಸಿದೆ.